ನರ್ಸ್ ‘ಡಾಕ್ಟರ್’ ಆದರೆ ಏನು ಬದಲಾಗುತ್ತದೆ? ಫಾರ್ವರ್ಡ್ ಮಾಡುವ ಮುನ್ನ ತಿಳಿದಿರಲಿ

ನಿಮ್ಮ ಫೋನಿಗೂ ಇಂಥದೊಂದು ಸಂದೇಶ ಬಂದಿರಬಹುದು: “ಸಿಹಿ ಸುದ್ದಿ! ಇನ್ನು ನರ್ಸ್‌ಗಳೂ ಡಾಕ್ಟರ್ ಆಗಬಹುದು. ಎಂಬಿಬಿಎಸ್ ಬೇಡ, ನೀಟ್ ಬೇಡ. ಅಮೆರಿಕದ ಡಾಕ್ಟರೇಟ್ ಮನೆಯಲ್ಲೇ ಕುಳಿತು ಮಾಡಿ, ಸ್ವಂತ ಕ್ಲಿನಿಕ್ ತೆರೆಯಿರಿ. ಎಲ್ಲ ನರ್ಸಿಂಗ್ ಗ್ರೂಪ್‌ಗಳಿಗೂ ಕಳಿಸಿ.” ಅದರ ಬೆನ್ನಿಗೇ ಪೂರ್ತಿ ಉಲ್ಟಾ ಇನ್ನೊಂದು ಬರುತ್ತದೆ: “ಎಚ್ಚರ! ನರ್ಸ್‌ಗಳು ಹೆಸರಿನ ಮುಂದೆ ‘ಡಾ.’ ಹಾಕಿಕೊಂಡು ಜನರನ್ನು ಮೋಸ ಮಾಡುತ್ತಿದ್ದಾರೆ. ನರ್ಸ್‌ಗೆ ಯಾಕೆ ಬೇಕು ಡಾಕ್ಟರೇಟ್?”

ಎರಡನ್ನೂ ಓದಿದವರು ಯಾವುದನ್ನು ನಂಬಬೇಕು? ನೇರವಾಗಿ ಹೇಳುವುದಾದರೆ, ಎರಡೂ ತಪ್ಪು. ಆದರೆ ಎರಡರಲ್ಲೂ ಒಂದೊಂದು ಎಳೆ ನಿಜ ಇದೆ. ಆ ಎಳೆಯನ್ನು ಬಿಡಿಸಿ ನೋಡುವುದೇ ಈ ಲೇಖನದ ಕೆಲಸ.

ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಂಥ ಊರಿಗೆ ಇದು ಬರೀ ಕುತೂಹಲದ ವಿಷಯ ಅಲ್ಲ. ಇಂಥ ಊರುಗಳಿಂದ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಹಾವೇರಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿಗೆ ನರ್ಸಿಂಗ್ ಓದಲು ಹೋಗುತ್ತಾರೆ. ಮಗಳ ಮುಂದಿನ ಓದಿಗೆ ಹೊಲದ ಮೇಲೆ ಸಾಲ ಮಾಡಬೇಕೋ ಬೇಡವೋ ಎಂದು ಲೆಕ್ಕ ಹಾಕುವ ತಂದೆ ಇಲ್ಲಿದ್ದಾರೆ. ಜ್ವರ ಬಂದ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಹೋದಾಗ ಎದುರಿಗೆ ಕೂತವರು ಡಾಕ್ಟರೋ, ನರ್ಸೋ, ಆರೋಗ್ಯ ಅಧಿಕಾರಿಯೋ ಎಂದು ಗೊತ್ತಾಗದ ತಾಯಿಯೂ ಇದ್ದಾರೆ. ತಪ್ಪು ಫಾರ್ವರ್ಡ್‌ನಿಂದ ಒಬ್ಬರ ಹಣ ಹೋಗಬಹುದು, ಇನ್ನೊಬ್ಬರ ಆರೋಗ್ಯ ಹೋಗಬಹುದು.

‘ಡಾಕ್ಟರ್’ ಪದ ಒಂದು, ಅರ್ಥ ಎರಡು

ಗೊಂದಲ ಶುರುವಾಗುವುದೇ ಈ ಪದದಿಂದ. ನಮ್ಮ ಮಾತಿನಲ್ಲಿ ಡಾಕ್ಟರ್ ಎಂದರೆ ವೈದ್ಯರು. ವಿಶ್ವವಿದ್ಯಾಲಯದ ಭಾಷೆಯಲ್ಲಿ ಡಾಕ್ಟರ್ ಎಂದರೆ ಒಂದು ವಿಷಯದಲ್ಲಿ ಅತಿ ಎತ್ತರದ ಪದವಿ ಪಡೆದವರು. ಕನ್ನಡ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದವರೂ ಡಾಕ್ಟರ್, ಕೃಷಿ ವಿಜ್ಞಾನದಲ್ಲಿ ಮಾಡಿದವರೂ ಡಾಕ್ಟರ್. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ರಾಜ್‌ಕುಮಾರ್ ‘ಡಾ. ರಾಜ್’ ಆದರು. ಹಾಗಂತ ಯಾರೂ ಅವರ ಬಳಿ ಮಾತ್ರೆ ಬರೆಸಿಕೊಳ್ಳಲು ಹೋಗಲಿಲ್ಲ.

ಸಿನಿಮಾ ನಟರ ವಿಷಯದಲ್ಲಿ ನಮಗೆ ಗೊಂದಲವಾಗುವುದಿಲ್ಲ. ಆದರೆ ದವಾಖಾನೆಯೊಳಗೆ, ಬಿಳಿ ಕೋಟಿನ ನಡುವೆ, ‘ಡಾ.’ ಎಂಬ ಒಂದಕ್ಷರ ಕಂಡರೆ ರೋಗಿ ವೈದ್ಯರೆಂದೇ ತಿಳಿಯುತ್ತಾನೆ. ಅದು ಸಹಜ. ಹಾಗಾಗಿ ಮೊದಲ ಮಾತು ಇಷ್ಟು: ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಇದೆ, ಅದು ನಿಜವಾದ ಪದವಿ. ಆದರೆ ಅದು ವೈದ್ಯಕೀಯ ಪದವಿ ಅಲ್ಲ.

ಡಿಎನ್‌ಪಿ ಎಂದರೇನು?

ಫಾರ್ವರ್ಡ್‌ಗಳಲ್ಲಿ ಓಡಾಡುವ ‘ಅಮೆರಿಕದ ನರ್ಸ್ ಡಾಕ್ಟರೇಟ್’ ಎಂದರೆ ಡಿಎನ್‌ಪಿ, ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ಕೆಂಟಕಿ ವಿಶ್ವವಿದ್ಯಾಲಯ 2001ರಲ್ಲಿ ಇದನ್ನು ಆರಂಭಿಸಿತು. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಒಂದು ನಿಲುವು ತೆಗೆದುಕೊಂಡಿತು. ಉನ್ನತ ಮಟ್ಟದ ಕೆಲಸ ಮಾಡುವ ನರ್ಸ್‌ಗಳು 2015ರ ಹೊತ್ತಿಗೆ ಸ್ನಾತಕೋತ್ತರ ಪದವಿಯ ಬದಲು ಡಿಎನ್‌ಪಿ ಓದಿರಬೇಕು ಎಂಬುದೇ ಆ ನಿಲುವು. ಆ ಗುರಿ ಪೂರ್ತಿ ಈಡೇರಲಿಲ್ಲ. ಅರಿವಳಿಕೆ ಕೊಡುವ ನರ್ಸ್‌ಗಳ ಕೋರ್ಸಿಗೆ ಮಾತ್ರ 2022ರಿಂದ ಡಾಕ್ಟರೇಟ್ ಮಟ್ಟ ಕಡ್ಡಾಯವಾಯಿತು. ಉಳಿದ ಹಲವು ವಿಭಾಗಗಳಲ್ಲಿ ಸ್ನಾತಕೋತ್ತರ ಪದವಿ ಇವತ್ತಿಗೂ ನಡೆಯುತ್ತದೆ. ಆದರೂ ಅಲ್ಲಿ ಈಗ 400ಕ್ಕೂ ಹೆಚ್ಚು ಡಿಎನ್‌ಪಿ ಕೋರ್ಸುಗಳಿವೆ.

ಇದರಲ್ಲಿ ಸ್ಥೂಲವಾಗಿ ಎರಡು ದಾರಿ. ಒಂದು, ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವ ನರ್ಸ್ ಪ್ರಾಕ್ಟೀಷನರ್, ಅರಿವಳಿಕೆ ನರ್ಸ್ ಮುಂತಾದವರದು. ಇನ್ನೊಂದು, ನಾಯಕತ್ವದ್ದು. ವಾರ್ಡು, ಆಸ್ಪತ್ರೆ, ಜಿಲ್ಲೆಯ ಆರೋಗ್ಯ ಸೇವೆ, ಇವನ್ನು ನಡೆಸುವ ನರ್ಸ್‌ಗಳಿಗೆ. ಈ ಎರಡನೆಯ ದಾರಿಯಲ್ಲಿ ಓದುವುದು ಕಾಯಿಲೆ ಪತ್ತೆ ಮಾಡುವುದನ್ನಲ್ಲ. ಒಂದು ಪಾಳಿಗೆ ಎಷ್ಟು ನರ್ಸ್ ಬೇಕು, ಬಜೆಟ್ ಹೇಗೆ ಹಾಕಬೇಕು, ಸೋಂಕು ಯಾಕೆ ಹರಡುತ್ತಿದೆ, ದಾಖಲೆಗಳನ್ನು ಓದಿ ತಪ್ಪು ಎಲ್ಲಿ ಆಗುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ, ಸರ್ಕಾರದ ನೀತಿ ಹೇಗೆ ರೂಪುಗೊಳ್ಳುತ್ತದೆ ಎಂಬುದು ಅಲ್ಲಿನ ಪಾಠ. ಅಮೆರಿಕದ ಹಲವು ಕೋರ್ಸುಗಳಲ್ಲಿ ಡಿಎನ್‌ಪಿ ಮುಗಿಸುವ ಹೊತ್ತಿಗೆ ಪದವಿಯ ನಂತರದ ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ಕೆಲಸ ಆಗಿರಬೇಕು.

ಪಿಎಚ್‌ಡಿಗೂ ಇದಕ್ಕೂ ಏನು ವ್ಯತ್ಯಾಸ?

ಒಂದು ಉದಾಹರಣೆ ತೆಗೆದುಕೊಳ್ಳಿ. ಹಳ್ಳಿಯ ಕಡೆ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಬಹಳ ಜನ ಒಂದೆರಡು ತಿಂಗಳಾದ ಮೇಲೆ ಬಿಟ್ಟುಬಿಡುತ್ತಾರೆ. “ತಲಿ ತಿರುಗೂದು ನಿಂತೈತಿ, ಇನ್ನ್ಯಾಕ ಗುಳಿಗಿ?” ಎನ್ನುತ್ತಾರೆ.

ಪಿಎಚ್‌ಡಿ ಮಾಡುವ ನರ್ಸ್ ಕೇಳುವ ಪ್ರಶ್ನೆ: ಜನ ಮಾತ್ರೆ ಬಿಡುವುದಕ್ಕೆ ಕಾರಣಗಳೇನು? ನೂರಾರು ಜನರನ್ನು ಮಾತನಾಡಿಸಿ, ಅಂಕಿಅಂಶ ಕಲೆಹಾಕಿ, ಎಲ್ಲರಿಗೂ ಅನ್ವಯವಾಗುವ ಹೊಸ ತಿಳಿವಳಿಕೆ ಕಟ್ಟುವುದು ಅವರ ಕೆಲಸ.

ಡಿಎನ್‌ಪಿ ಮಾಡುವ ನರ್ಸ್ ಕೇಳುವ ಪ್ರಶ್ನೆ: ನಮ್ಮ ಈ ದವಾಖಾನೆಯಲ್ಲಿ ಈ ತಿಂಗಳು ಬರಬೇಕಿದ್ದ ಬಿಪಿ ರೋಗಿಗಳಲ್ಲಿ ಎಷ್ಟು ಜನ ಬಂದರು? ಬಾರದವರ ಪಟ್ಟಿಯನ್ನು ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ, ಒಂದೇ ಸಲಕ್ಕೆ ಎರಡು ತಿಂಗಳ ಮಾತ್ರೆ ಕೊಟ್ಟರೆ, ಆರು ತಿಂಗಳಲ್ಲಿ ಆ ಸಂಖ್ಯೆ ಏರುತ್ತದೆಯೇ? ಏರದಿದ್ದರೆ ಯಾಕೆ ಏರಲಿಲ್ಲ?

ಒಬ್ಬರು ಹೊಸ ಜ್ಞಾನ ಹುಡುಕುತ್ತಾರೆ. ಇನ್ನೊಬ್ಬರು ಈಗಾಗಲೇ ಗೊತ್ತಿರುವ ಜ್ಞಾನ ಯಾಕೆ ರೋಗಿಯ ಮಂಚದ ತನಕ ಬರುತ್ತಿಲ್ಲ ಎಂದು ಹುಡುಕಿ, ಅದನ್ನು ತರುತ್ತಾರೆ. ಪಿಎಚ್‌ಡಿಗೆ ಪ್ರಬಂಧ, ಡಿಎನ್‌ಪಿಗೆ ಯೋಜನೆ. ಪ್ರಬಂಧವನ್ನು ಪರೀಕ್ಷಕರು ನೋಡುತ್ತಾರೆ. ಯೋಜನೆಯ ಫಲವನ್ನು ವಾರ್ಡಿನ ರಿಜಿಸ್ಟರ್ ಹೇಳುತ್ತದೆ.

ಇದು ಹೊಸ ಯೋಚನೆಯೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ಆದರೆ 1850ರ ದಶಕದ ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಆಕೆ ಮಾಡಿದ ದೊಡ್ಡ ಕೆಲಸ ಲೆಕ್ಕದ್ದು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕೊಳಕಿನಿಂದ ಹರಡುವ ರೋಗಗಳಿಂದ ಸತ್ತರು ಎಂದು ಚಿತ್ರ ಬರೆದು ತೋರಿಸಿ ಸರ್ಕಾರದ ಕಣ್ಣು ತೆರೆಸಿದರು. ನರ್ಸಿಂಗ್ ನಾಯಕತ್ವ ಎಂದರೆ ಮೂಲದಲ್ಲಿ ಅದೇ.

ನಮ್ಮ ಕರ್ನಾಟಕದ್ದೇ ಒಂದು ಕತೆ

“ಇದೆಲ್ಲ ಪುಸ್ತಕದ ಬದನೆಕಾಯಿ” ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ.

ಹೆರಿಗೆ ಹೊತ್ತಿನಲ್ಲಿ ಮಾಡಲೇಬೇಕಾದ ಕೆಲಸಗಳು ಸರಳ. ಕೈ ತೊಳೆಯುವುದು, ತಾಯಿಯ ಬಿಪಿ ನೋಡುವುದು, ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಇಂಜೆಕ್ಷನ್ ಕೊಡುವುದು, ಮಗುವನ್ನು ತಾಯಿಯ ಮೈಗೆ ಒತ್ತಿ ಬೆಚ್ಚಗಿಡುವುದು, ಒಂದು ಗಂಟೆಯೊಳಗೆ ಎದೆಹಾಲು ಕುಡಿಸುವುದು. ಪ್ರತಿ ನರ್ಸ್‌ಗೂ ಇವು ಗೊತ್ತು. ಆದರೆ ಗೊತ್ತಿರುವುದು ಬೇರೆ, ರಾತ್ರಿ ಎರಡು ಗಂಟೆಗೆ ಮೂರು ಹೆರಿಗೆ ಒಟ್ಟಿಗೆ ಬಂದಾಗ ತಪ್ಪದೇ ಮಾಡುವುದು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಒಂದು ಚೆಕ್‌ಲಿಸ್ಟ್ ಮಾಡಿತು. ತಾಯಿ ದಾಖಲಾದಾಗ, ಹೆರಿಗೆಗೆ ಸ್ವಲ್ಪ ಮುನ್ನ, ಹೆರಿಗೆಯಾದ ಕೂಡಲೇ, ಮನೆಗೆ ಕಳಿಸುವಾಗ, ಹೀಗೆ ನಾಲ್ಕು ಕಡೆ ನಿಂತು ಪಟ್ಟಿ ನೋಡಬೇಕು. ಇದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಕರ್ನಾಟಕದ ಉಪಜಿಲ್ಲಾ ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ. 2012ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿತ್ತು: ಚೆಕ್‌ಲಿಸ್ಟ್ ಬರುವ ಮುನ್ನ, ಮಾಡಬೇಕಾದ 29 ಕೆಲಸಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ಆಗುತ್ತಿದ್ದವು. ಬಂದ ಮೇಲೆ ಸರಾಸರಿ 25 ಆಗತೊಡಗಿದವು. ಒಂದು ಕಾಗದದ ಹಾಳೆ, ಅದನ್ನು ಬಳಸಲು ಕಲಿಸಿದ ತಂಡ, ಬಳಸಿದ ಸಿಬ್ಬಂದಿ, ಇಷ್ಟರಿಂದಲೇ ಇಷ್ಟು ಬದಲಾವಣೆ.

ಫಾರ್ವರ್ಡ್ ಆಗಿದ್ದರೆ ಕತೆ ಇಲ್ಲಿಗೆ ಮುಗಿದು, ಕೊನೆಗೊಂದು ಕೈಮುಗಿಯುವ ಚಿತ್ರ ಬರುತ್ತಿತ್ತು. ನಿಜವಾದ ಪಾಠ ಇರುವುದು ಇದರ ಮುಂದಿನ ಭಾಗದಲ್ಲಿ.

ಇದೇ ಚೆಕ್‌ಲಿಸ್ಟನ್ನು ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಅರ್ಧ ಕೇಂದ್ರಗಳಿಗೆ ಚೆಕ್‌ಲಿಸ್ಟ್ ಜೊತೆಗೆ ಎಂಟು ತಿಂಗಳು ಕೋಚ್‌ಗಳ ಮಾರ್ಗದರ್ಶನ, ಉಳಿದರ್ಧಕ್ಕೆ ಏನೂ ಇಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ-ಮಕ್ಕಳ ಲೆಕ್ಕ ಇಟ್ಟು, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಚಿಂಗ್ ಶುರುವಾಗಿ ಎರಡು ತಿಂಗಳಾದಾಗ ಚೆಕ್‌ಲಿಸ್ಟ್ ಇದ್ದ ಕಡೆ ಶೇ. 72.8ರಷ್ಟು ಕೆಲಸಗಳು ಸರಿಯಾಗಿ ಆಗುತ್ತಿದ್ದವು, ಇಲ್ಲದ ಕಡೆ ಶೇ. 41.7 ಮಾತ್ರ. ಆದರೆ ಹನ್ನೆರಡನೆಯ ತಿಂಗಳಿಗೆ, ಕೋಚ್‌ಗಳು ಹೋದ ಮೇಲೆ, ಅದು ಶೇ. 61.7ಕ್ಕೆ ಇಳಿಯಿತು. ಇನ್ನೂ ಮುಖ್ಯ ವಿಷಯ: ತಾಯಿ-ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳ ಪ್ರಮಾಣದಲ್ಲಿ ಎರಡೂ ಕಡೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಕಡೆ ಶೇ. 15.1, ಇನ್ನೊಂದು ಕಡೆ ಶೇ. 15.3.

ಹಾಗಾದರೆ ಚೆಕ್‌ಲಿಸ್ಟ್ ಸುಳ್ಳೇ? ಅಲ್ಲ. ಪಟ್ಟಿ ಒಂದೇ ಸಾಲದು ಎಂದು ಗೊತ್ತಾಯಿತು. ರಕ್ತ ಬೇಕಾದಾಗ ರಕ್ತ ಸಿಗಬೇಕು, ಸಿಬ್ಬಂದಿ ಸಾಕಷ್ಟು ಇರಬೇಕು, ಉಸಿರಾಡದ ಮಗುವಿಗೆ ಉಸಿರು ಕೊಡುವ ಕೈಚಳಕ ಇರಬೇಕು, ಗಂಭೀರವಾದರೆ ದೊಡ್ಡಾಸ್ಪತ್ರೆಗೆ ಬೇಗ ಮುಟ್ಟಬೇಕು. ಹೊರಗಿನಿಂದ ಬಂದ ಕೋಚ್ ಹೋದ ಮೇಲೆ ಒಳಗೇ ಉಳಿದು, ದಿನದಿನಕ್ಕೂ ಅದನ್ನು ನಡೆಸುವವರು ಬೇಕು. ನಾಯಕತ್ವ ಕಲಿತ ನರ್ಸ್ ಬೇಕಾಗುವುದು ಅಲ್ಲೇ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಲೆಕ್ಕ ಇಟ್ಟು, ಮಾಡಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುವುದು ಈ ಓದಿನ ತಿರುಳು.

ಕೆಲಸ ಮಾಡಿದ ಉದಾಹರಣೆಯೂ ಇದೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಐದು ಹೆಜ್ಜೆ ತಪ್ಪಿಸಬಾರದು ಎಂದು ನಿಯಮ ಮಾಡಿದರು. ವೈದ್ಯರು ಒಂದು ಹೆಜ್ಜೆ ತಪ್ಪಿದರೂ “ನಿಲ್ಲಿಸಿ” ಎನ್ನುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. 2006ರ ವರದಿಯ ಪ್ರಕಾರ ಕೊಳವೆಯಿಂದ ಬರುವ ರಕ್ತದ ಸೋಂಕು ಒಂದೂವರೆ ವರ್ಷದಲ್ಲಿ ಶೇ. 66ರವರೆಗೆ ಇಳಿಯಿತು. ಅಲ್ಲಿ ಹೊಸ ಔಷಧ ಬರಲಿಲ್ಲ. ಯಾರು ಯಾರಿಗೆ ಏನು ಹೇಳಬಹುದು ಎಂಬುದು ಬದಲಾಯಿತು.

ನರ್ಸ್ ಹೆಚ್ಚು ಓದಿದರೆ ರೋಗಿಗೆ ಲಾಭವೇ?

2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನವೊಂದು ಬಂತು. 300 ಆಸ್ಪತ್ರೆಗಳು, ಶಸ್ತ್ರಚಿಕಿತ್ಸೆ ಆದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಾದರೆ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತಿತ್ತು. ಪದವಿ ಓದಿದ ನರ್ಸ್‌ಗಳ ಪ್ರಮಾಣ ಶೇ. 10 ಹೆಚ್ಚಿದ್ದ ಕಡೆ ಅದೇ ಸಾಧ್ಯತೆ ಶೇ. 7ರಷ್ಟು ಇಳಿಯುತ್ತಿತ್ತು.

ಇಲ್ಲಿ ಎರಡು ಎಚ್ಚರಿಕೆ. ಇದು ಸಂಬಂಧವನ್ನು ತೋರಿಸುವ ಅಧ್ಯಯನ. ಓದೊಂದೇ ಕಾರಣ ಎಂದು ಇದು ಸಾಬೀತು ಮಾಡುವುದಿಲ್ಲ. ಎರಡನೆಯದಾಗಿ, ಇದು ಬಿ.ಎಸ್ಸಿ ಮಟ್ಟದ ಪದವಿಯ ಲೆಕ್ಕ, ಡಾಕ್ಟರೇಟ್‌ನದಲ್ಲ. ಆದರೂ “ನರ್ಸ್‌ಗೆ ಯಾಕೆ ಓದು?” ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿದೆ. ನರ್ಸ್‌ಗಳ ಸಂಖ್ಯೆಯೂ ಮುಖ್ಯ, ಅವರ ಓದೂ ಮುಖ್ಯ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಐವತ್ತು ರೋಗಿಗಳ ವಾರ್ಡಿಗೆ ರಾತ್ರಿ ಒಬ್ಬರೇ ನರ್ಸ್ ಇದ್ದರೆ, ಅವರಿಗೆ ಎಷ್ಟು ಪದವಿ ಇದ್ದರೇನು?

ನಮ್ಮಲ್ಲಿ ಏನಿದೆ?

ಭಾರತದಲ್ಲಿ ನರ್ಸಿಂಗ್ ಓದಿನ ಮೆಟ್ಟಿಲುಗಳು ಹೀಗಿವೆ: ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿ.ಎಸ್ಸಿ ನರ್ಸಿಂಗ್ 4 ವರ್ಷ, ಎಂ.ಎಸ್ಸಿ 2 ವರ್ಷ, ಅದರ ಮೇಲೆ ಪಿಎಚ್‌ಡಿ. ನಮ್ಮಲ್ಲಿ ನರ್ಸಿಂಗ್ ಡಾಕ್ಟರೇಟ್ ಎಂದರೆ ಸಾಮಾನ್ಯವಾಗಿ ಪಿಎಚ್‌ಡಿಯೇ. ಅದನ್ನು ದೇಶದಲ್ಲಿ ಹರಡಿದ್ದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. 2005ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನರ್ಸಿಂಗ್ ಪಿಎಚ್‌ಡಿಗೆ ರಾಷ್ಟ್ರೀಯ ಒಕ್ಕೂಟ ಕಟ್ಟಿದವು. ದೂರದೂರದ ರಾಜ್ಯಗಳ ನರ್ಸಿಂಗ್ ಅಧ್ಯಾಪಕರು ಇದರ ಮೂಲಕ ಡಾಕ್ಟರೇಟ್ ಪಡೆದರು.

ಡಿಎನ್‌ಪಿಯ ಹತ್ತಿರ ಬರುವ ಪ್ರಾಯೋಗಿಕ ಕೋರ್ಸುಗಳೂ ಬಂದಿವೆ, ಆದರೆ ಡಾಕ್ಟರೇಟ್ ಮಟ್ಟದಲ್ಲಿ ಅಲ್ಲ. ಐಸಿಯು ಆರೈಕೆಗಾಗಿ ನರ್ಸ್ ಪ್ರಾಕ್ಟೀಷನರ್ ಎಂಬ 2 ವರ್ಷದ ಸ್ನಾತಕೋತ್ತರ ಕೋರ್ಸನ್ನು ಶುಶ್ರೂಷಾ ಪರಿಷತ್ತು ರೂಪಿಸಿದೆ. ಹೆರಿಗೆ ಸೇವೆಗೆ ‘ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್’ ತಯಾರು ಮಾಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿತು, ಅದಕ್ಕೆ 18 ತಿಂಗಳ ತರಬೇತಿ. 1947ರ ಹಳೆಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಅಂಗೀಕಾರವಾಯಿತು.

ಹಳ್ಳಿಯವರಿಗೆ ಇದರಲ್ಲಿ ಹತ್ತಿರದಿಂದ ಪರಿಚಯ ಇರುವುದು ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಸುಮಾರು 5,000 ಜನಕ್ಕೊಂದರಂತೆ ಇರುವ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಕೇಂದ್ರಗಳಾದ ಮೇಲೆ ಅಲ್ಲಿ ಇವರು ಬಂದರು. ಹೆಚ್ಚಿನವರು ನರ್ಸಿಂಗ್ ಓದಿ, ಸಮುದಾಯ ಆರೋಗ್ಯದ ತರಬೇತಿ ಪಡೆದವರು. ಬಿಪಿ, ಶುಗರ್ ತಪಾಸಣೆ, ನಿಗದಿತ ಔಷಧ ವಿತರಣೆ, ಇ-ಸಂಜೀವಿನಿ ಮೂಲಕ ವೈದ್ಯರ ಜೊತೆ ಮಾತನಾಡಿಸುವುದು, ಬೇಕಾದರೆ ದೊಡ್ಡ ದವಾಖಾನೆಗೆ ಕಳಿಸುವುದು ಅವರ ಕೆಲಸ. ಊರಿನಲ್ಲಿ ಅವರನ್ನು ಕೆಲವರು ‘ಡಾಕ್ಟರ್ರೀ’ ಎಂದೇ ಕರೆಯುತ್ತಾರೆ. ಪ್ರೀತಿಯಿಂದ ಕರೆದರೆ ತಪ್ಪಲ್ಲ. ಆದರೆ ಅವರು ವೈದ್ಯರಲ್ಲ ಎಂಬುದು ನಮಗೆ ಗೊತ್ತಿರಬೇಕು.

ಫಾರ್ವರ್ಡ್ ಹೇಳುವುದು, ವಾಸ್ತವ ಇರುವುದು

*“ನರ್ಸಿಂಗ್ ಡಾಕ್ಟರೇಟ್ ಇದ್ದರೆ ಭಾರತದಲ್ಲಿ ಕ್ಲಿನಿಕ್ ತೆರೆದು ಔಷಧ ಬರೆಯಬಹುದು.”*
ಸುಳ್ಳು. ವೈದ್ಯ ವೃತ್ತಿಗೆ ಬೇಕಾದ ನೋಂದಣಿಯೇ ಬೇರೆ. ಅದಿಲ್ಲದೆ ವೈದ್ಯರಂತೆ ಚಿಕಿತ್ಸೆ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ವಿಧಿಯಡಿ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ಕಾಯ್ದೆಯ 32ನೇ ವಿಧಿ ‘ಸಮುದಾಯ ಆರೋಗ್ಯ ಸೇವಾದಾರರಿಗೆ’ ಸೀಮಿತ ಪರವಾನಗಿ ಕೊಡುವ ಅವಕಾಶ ಇಟ್ಟಿದೆ. ಆದರೆ ಅದು ಆಯೋಗ ಪರವಾನಗಿ ಕೊಟ್ಟವರಿಗೆ ಮಾತ್ರ. ಡಾಕ್ಟರೇಟ್ ಪದವಿಯಿಂದ ತಾನಾಗಿ ಸಿಗುವುದಲ್ಲ.

*“ಅಮೆರಿಕದಲ್ಲಿ ಡಿಎನ್‌ಪಿ ಮಾಡಿದ ನರ್ಸ್‌ಗೂ ವೈದ್ಯರಿಗೂ ವ್ಯತ್ಯಾಸ ಇಲ್ಲ.”*
ದಾರಿ ತಪ್ಪಿಸುವ ಮಾತು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳು ಸ್ವತಂತ್ರವಾಗಿ ರೋಗಿಗಳನ್ನು ನೋಡಬಹುದು, ನಿಜ. ಆದರೆ ಆ ಅಧಿಕಾರ ಬರುವುದು ರಾಜ್ಯ ಕೊಡುವ ನರ್ಸ್ ಪ್ರಾಕ್ಟೀಷನರ್ ಲೈಸೆನ್ಸ್‌ನಿಂದ. ಡಿಎನ್‌ಪಿ ಇಲ್ಲದ ಪ್ರಾಕ್ಟೀಷನರ್‌ಗೂ ಅದು ಸಿಗುತ್ತದೆ. ನಾಯಕತ್ವದ ಡಿಎನ್‌ಪಿ ಮಾತ್ರ ಮಾಡಿದವರಿಗೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಎನ್‌ಪಿ ಪಡೆದ ಒಬ್ಬ ನರ್ಸ್ ಪ್ರಾಕ್ಟೀಷನರ್ ರೋಗಿಗಳ ಮುಂದೆ ‘ಡಾಕ್ಟರ್’ ಎಂದು ಕರೆದುಕೊಂಡ ಪ್ರಕರಣ 2022ರಲ್ಲಿ ಸುಮಾರು 20 ಸಾವಿರ ಡಾಲರ್ ತೆರುವುದರೊಂದಿಗೆ ಮುಗಿಯಿತು.

*“ನರ್ಸ್ ‘ಡಾ.’ ಹಾಕಿಕೊಂಡರೆ ಅದೇ ಅಪರಾಧ.”*
ಪೂರ್ತಿ ನಿಜ ಅಲ್ಲ. ಮಾನ್ಯ ವಿಶ್ವವಿದ್ಯಾಲಯದ ಪಿಎಚ್‌ಡಿ ಪಡೆದವರು ಕಾಲೇಜಿನಲ್ಲಿ, ಪುಸ್ತಕದಲ್ಲಿ, ಸಭೆಯಲ್ಲಿ ‘ಡಾ.’ ಬಳಸುವುದು ವಿದ್ಯೆಯ ಗೌರವ. ರೋಗಿಯ ಮುಂದೆ ವೈದ್ಯರೆಂಬ ಭಾವನೆ ಹುಟ್ಟಿಸಿದರೆ ಅದು ತಪ್ಪು. “ನಾನು ನಿಮ್ಮ ನರ್ಸ್, ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡಿದ್ದೇನೆ” ಎಂದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಹಣ ಕಟ್ಟುವ ಮುನ್ನ

ಮೊದಲ ಫಾರ್ವರ್ಡ್‌ನ ನಿಜವಾದ ಉದ್ದೇಶ ಬಹಳ ಸಲ ಕೊನೆಯ ಸಾಲಿನಲ್ಲಿ ಇರುತ್ತದೆ: ಒಂದು ಲಿಂಕ್, ಒಂದು ಫೋನ್ ನಂಬರ್, “ಸೀಟು ಕೆಲವೇ ಉಳಿದಿವೆ” ಎಂಬ ಒತ್ತಾಯ. ಇಲ್ಲಿ ನೆನಪಿಡಬೇಕಾದ ಸಂಗತಿಗಳು ನಾಲ್ಕು.

1. ಯುಜಿಸಿಯ 2022ರ ನಿಯಮದ ಪ್ರಕಾರ ಭಾರತದಲ್ಲಿ ಪಿಎಚ್‌ಡಿಯನ್ನು ದೂರ ಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ. ಕನಿಷ್ಠ ಅವಧಿ 3 ವರ್ಷ. “ಆರು ತಿಂಗಳಲ್ಲಿ ಡಾಕ್ಟರೇಟ್” ಎಂದವರನ್ನು ಅಲ್ಲೇ ಬಿಡಿ. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಆ್ಯಪ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರಲ್ಲೇ ಜಂಟಿಯಾಗಿ ಎಚ್ಚರಿಸಿವೆ.

2. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಡಿಎನ್‌ಪಿಯಲ್ಲಿ ಪಾಠ ಆನ್‌ಲೈನ್ ಇರುವುದು ನಿಜ. ಆದರೆ ಪ್ರಾಯೋಗಿಕ ಗಂಟೆಗಳನ್ನು ಆಸ್ಪತ್ರೆಯಲ್ಲೇ ಮುಗಿಸಬೇಕು. ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಎನ್‌ಕ್ಲೆಕ್ಸ್ ಪರೀಕ್ಷೆ ಮತ್ತು ಆಯಾ ರಾಜ್ಯದ ಲೈಸೆನ್ಸ್ ಬೇಕೇ ಬೇಕು. ಡಾಕ್ಟರೇಟ್ ಅದಕ್ಕೆ ಬದಲಿ ಅಲ್ಲ.

3. ‘ಗೌರವ ಡಾಕ್ಟರೇಟ್’ ಹಣಕ್ಕೆ ಮಾರುವವರಿದ್ದಾರೆ. ಹಣ ಕೇಳಿದರೆ ಅದು ಗೌರವ ಅಲ್ಲ, ವ್ಯಾಪಾರ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸಂಸ್ಥೆಯೊಂದರ ಹೆಸರೂ ವರ್ಷಗಟ್ಟಲೆ ಇತ್ತು. ಎರಡು ನಿಮಿಷ ತೆಗೆದು ಆ ಪಟ್ಟಿ ನೋಡಿ.

4. ವಿದೇಶಿ ನರ್ಸಿಂಗ್ ಪದವಿಗೆ ಇಲ್ಲಿ ಮಾನ್ಯತೆ ಸಿಗುತ್ತದೆಯೇ ಎಂದು ಏಜೆಂಟರನ್ನು ಕೇಳಬೇಡಿ. ಸೇರುವ ಮೊದಲೇ ರಾಜ್ಯ ಶುಶ್ರೂಷಾ ಪರಿಷತ್ತನ್ನು ಅಥವಾ ಕೇಂದ್ರದ ಪರಿಷತ್ತನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹುಲಗೂರಿನ ದವಾಖಾನೆಗೆ ಇದರಿಂದ ಏನು?

ಹಳ್ಳಿಯ ದವಾಖಾನೆಯಲ್ಲಿ ಡಾಕ್ಟರೇಟ್ ಮಾಡಿದ ನರ್ಸ್ ನಾಳೆಯೇ ಬಂದು ಕೂರುವುದಿಲ್ಲ. ಕೂರಬೇಕಾದ ಅಗತ್ಯವೂ ಇಲ್ಲ. ಅಲ್ಲಿ ಮೊದಲು ಬೇಕಾದದ್ದು ಖಾಲಿ ಇರುವ ಹುದ್ದೆಗಳು ತುಂಬುವುದು.

ಆದರೆ ಜಿಲ್ಲೆಯ ಮಟ್ಟದಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಜಿಲ್ಲೆಯ ಎಲ್ಲ ಹೆರಿಗೆ ಕೋಣೆಗಳಲ್ಲಿ ಏನು ನಡೆಯುತ್ತಿದೆ, ಯಾವ ಕೇಂದ್ರದಲ್ಲಿ ಇಂಜೆಕ್ಷನ್ ತಡವಾಗುತ್ತಿದೆ, ಯಾವ ಪಾಳಿಯಲ್ಲಿ ನರ್ಸ್ ಕಡಿಮೆ ಬೀಳುತ್ತಿದ್ದಾರೆ ಎಂದು ತಿಂಗಳು ತಿಂಗಳು ಲೆಕ್ಕ ನೋಡಿ, ಅದನ್ನು ಸರಿಪಡಿಸುವ ಅಧಿಕಾರ ಇರುವ ನರ್ಸ್ ಒಬ್ಬರು ಇದ್ದಾರೆಯೇ? ರೋಗಿಯ ಪಕ್ಕದಲ್ಲಿ ಹಗಲೂ ರಾತ್ರಿ ಇರುವವರು ನರ್ಸ್. ತೀರ್ಮಾನ ತೆಗೆದುಕೊಳ್ಳುವ ಮೇಜಿನ ಸುತ್ತ ಅವರಿಗೆ ಕುರ್ಚಿ ಸಿಗುವುದು ಅಪರೂಪ. ಪ್ರತಿ ದೇಶದ ಸರ್ಕಾರದಲ್ಲಿ ಉನ್ನತ ಮಟ್ಟದ ನರ್ಸಿಂಗ್ ಅಧಿಕಾರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತಾ ಬಂದಿದೆ. ಆ ಸಂಸ್ಥೆಯ 2020ರ ವರದಿ ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆ ಇದೆ ಎಂದಿತ್ತು. ಇರುವವರ ಕೆಲಸ ವ್ಯರ್ಥವಾಗದಂತೆ ನೋಡಿಕೊಳ್ಳುವುದೂ ಆ ಕೊರತೆಗೆ ಒಂದು ಮದ್ದು.

ಓದಿದವರಿಗೆ ಹುದ್ದೆ, ಅಧಿಕಾರ, ಸಂಬಳ ಇಲ್ಲದಿದ್ದರೆ ಈ ಓದು ವಾರ್ಡಿನಿಂದ ತರಗತಿಗೆ ಹೋಗಿ ನಿಲ್ಲುತ್ತದೆ, ಇಲ್ಲವೇ ವಿಮಾನ ಹತ್ತುತ್ತದೆ. ಹಾಗಾಗಿ “ನರ್ಸ್‌ಗೆ ಡಾಕ್ಟರೇಟ್ ಯಾಕೆ?” ಎಂದು ಕೇಳುವುದಕ್ಕಿಂತ “ಡಾಕ್ಟರೇಟ್ ಮಾಡಿದ ನರ್ಸ್‌ಗೆ ನಮ್ಮ ಆಸ್ಪತ್ರೆಯಲ್ಲಿ ಯಾವ ಕೆಲಸ ಕೊಟ್ಟಿದ್ದೇವೆ?” ಎಂದು ಕೇಳುವುದು ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಇಷ್ಟು ನೆನಪಿಡಿ

- ನರ್ಸಿಂಗ್ ಡಾಕ್ಟರೇಟ್ ನಿಜವಾದ ಪದವಿ, ಆದರೆ ಅದು ವೈದ್ಯರಾಗುವ ಅಡ್ಡದಾರಿ ಅಲ್ಲ.
- ಪಿಎಚ್‌ಡಿ ಹೊಸ ಜ್ಞಾನ ಹುಡುಕುತ್ತದೆ. ಡಿಎನ್‌ಪಿ ಗೊತ್ತಿರುವ ಜ್ಞಾನವನ್ನು ರೋಗಿಯ ತನಕ ಮುಟ್ಟಿಸುತ್ತದೆ.
- ಚಿಕಿತ್ಸೆ ಮಾಡುವ ಅಧಿಕಾರ ಬರುವುದು ನೋಂದಣಿಯಿಂದ, ಹೆಸರಿನ ಮುಂದಿನ ಅಕ್ಷರದಿಂದ ಅಲ್ಲ.
- ದವಾಖಾನೆಯಲ್ಲಿ “ನೀವು ಡಾಕ್ಟರಾ, ಸಿಸ್ಟರಾ?” ಎಂದು ಕೇಳುವುದು ರೋಗಿಯ ಹಕ್ಕು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.
- “ಮನೆಯಲ್ಲೇ ಕುಳಿತು ಡಾಕ್ಟರೇಟ್” ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.